ಹಾಸಿನ ಖರ್ಚು

“ಆರುನೂರು ಪೌಂಡ್,” ಎಂದಳು ಕಿಲ್ಟ್ ಹೊಲಿಯುವ ವಿಲ್ಮಾ.

ಎಫಿ ಕೈಚೀಲ ತೆರೆಯಲಿಲ್ಲ. ಗಂಡಸರು ಹಬ್ಬ-ಸಮಾರಂಭಕ್ಕೆ ಉಡುವ ನೆರಿಗೆಯ ಲಂಗ, ಇದೇ ಕಿಲ್ಟಿಗೆ, ಮಾರ್ಚ್‌ನಲ್ಲಿ ಇದೇ ಬಾಯಿ ಒಂಬೈನೂರು ಹೇಳಿತ್ತು. ಸ್ಕಾಟ್ಲೆಂಡಿನ ಈ ಕ್ರೀಫ್ ಊರಿನಲ್ಲಿ ಯಾವುದರ ಬೆಲೆಯೂ ತಾನಾಗಿ ಇಳಿದದ್ದನ್ನು ಅವಳು ಕಂಡಿರಲಿಲ್ಲ.

“ಬಟ್ಟೆ ಎಲ್ಲಿಂದ ತರಿಸಿದೆ? ಹೊರದೇಶದ ಪಾಲಿಯೆಸ್ಟರ್ ಮಾಲು ನನ್ನ ತಲೆಗೆ ಕಟ್ತಿಲ್ಲ ತಾನೇ?”

“ಒಂದು ಎಳೆ ಸುಟ್ಟು ನೋಡಮ್ಮ.”

ಎಫಿ ನಿಜಕ್ಕೂ ಸುಟ್ಟಳು. ಕೂದಲು ಸುಟ್ಟ ವಾಸನೆ. ಅಪ್ಪಟ ಉಣ್ಣೆ.

“ನಿನ್ನ ಮೊಮ್ಮಗನ ಮದುವೆಗೂ ಇದು ಹರಿಯಲ್ಲ. ನಿನ್ನ ನಾಲಿಗೆ ತಾಗದಿದ್ರೆ,” ಎಂದು ವಿಲ್ಮಾ ನಕ್ಕಳು.

ಎಫಿಗೆ ಉಣ್ಣೆಗಿಂತ ಮುಖ್ಯವಾದದ್ದು ಆ ಚೌಕಳಿ. ಹಸಿರು, ಬೂದು, ನಡುವೆ ಒಂದೇ ಒಂದು ಹಳದಿ ಗೆರೆ. ಗಂಡ ಟೊರ್ಕಿಲ್‌ನ ಅಜ್ಜ ತಮ್ಮ ಮನೆತನಕ್ಕೆಂದೇ ಮಾಡಿಸಿದ್ದು. ಮನೆಯವರ ಒಪ್ಪಿಗೆಯಿಲ್ಲದೆ ಯಾವ ಗಿರಣಿಯೂ ನೇಯುವುದಿಲ್ಲ. ಶೋನಾಳ ಮಗ ಎಷ್ಟೇ ಮೆರೆಯಲಿ, ಇದನ್ನು ಉಡಲಾರ.

ಶೋನಾ ಪಕ್ಕದ ಮನೆಯವಳು. ಅವಳಿಗೆ ಗಂಡನಿರಲಿಲ್ಲ; ರೋರಿ ಎಂಬ ಮಗನಿದ್ದ. ಎಫಿಯ ಹೊಟ್ಟೆಯುರಿಗೆ ಅಷ್ಟು ಸಾಕಾಗಿತ್ತು. ಓಟದಲ್ಲಿ ರೋರಿ ಮೊದಲು, ತನ್ನ ಮಗ ಹೇಮಿಶ್ ಮೂರನೆಯವನು. ಬ್ಯಾಗ್‌ಪೈಪ್ ಅವನ ಕೈಯಲ್ಲಿ ಹಾಡುತ್ತಿತ್ತು, ಇವನ ಕೈಯಲ್ಲಿ ನರಳುತ್ತಿತ್ತು. ಮುಂದಿನ ವಾರ ಇಬ್ಬರಿಗೂ ಒಂದೇ ವೇದಿಕೆಯಲ್ಲಿ ಪದವಿ. ಅಂದಾದರೂ ಜನ ಈ ಕಿಲ್ಟ್ ಉಟ್ಟ ತನ್ನ ಮಗನನ್ನು ನೋಡಬೇಕು.

ಟೊರ್ಕಿಲ್ ಮೊದಲಿಗೆ ಕೊಸರಾಡಿದ್ದ. “ಗಿರಣೀಲಿ ಸಿದ್ಧ ಇರೋ ಬಟ್ಟೆ ತಗೊಂಡ್ರೆ ಅರ್ಧ ದುಡ್ಡು. ಇವನೊಬ್ಬನಿಗೋಸ್ಕರ ಮಗ್ಗ ಹೂಡಿಸಬೇಕಾ?”

“ಇರೋದೇ ಒಬ್ಬ ಮಗ, ಜಿಪುಣ!” ಎಂದಿದ್ದಳು ಎಫಿ.

ಅವನು ಟೋಪಿ ಎತ್ತಿಕೊಂಡು ಹೊರಗೆ ನಡೆದಿದ್ದ.

“ಹಾಗಾದ್ರೆ ಬೆಲೆ ಹೇಗೆ ಇಳೀತು?” ಈಗ ಎಫಿ ಪಟ್ಟು ಬಿಡಲಿಲ್ಲ.

“ಖರ್ಚೆಲ್ಲ ಮಗ್ಗಕ್ಕೆ ಹಾಸು, ಅಂದ್ರೆ ಉದ್ದದ ಎಳೆಗಳನ್ನ, ಹೂಡೋದ್ರಲ್ಲಿ ಕಣಮ್ಮ. ಒಂದು ಕಿಲ್ಟಿಗಾದ್ರೂ ಅದೇ ಕೂಲಿ, ಎರಡಕ್ಕಾದ್ರೂ ಅದೇ. ಅದೇ ಹಾಸಿನಲ್ಲಿ ಇನ್ನೊಂದು ನೇಯಿಸಿದ್ವಿ, ಕೂಲಿ ಹಂಚಿಹೋಯ್ತು.”

“ಇನ್ನೊಂದಾ? ನಮ್ಮ ಚೌಕಳೀಲಾ? ಯಾರಿಗೆ?”

ವಿಲ್ಮಾ ಮೂಲೆಯ ಕೊಕ್ಕೆಯತ್ತ ನೋಡಿದಳು. ಅಲ್ಲಿ ಇನ್ನೊಂದು ಕಿಲ್ಟ್ ತೂಗುತ್ತಿತ್ತು. ಇದಕ್ಕಿಂತ ಎರಡು ಇಂಚು ಉದ್ದ.

“ಶೋನಾ ಮಗನಿಗೆ. ನಿನಗೆ ಗೊತ್ತು ಅಂದ್ಕೊಂಡಿದ್ದೆ.”

ಎಫಿಯ ಅಂಗೈ ಮೇಜಿಗೆ ಬಡಿಯಿತು. “ಅವಳಿಗೆಷ್ಟು ಸೊಕ್ಕು! ನೀನಾದ್ರೂ ಹೇಗೆ ನೇಯಿಸಿದೆ? ಇದು ನಮ್ಮ ಮನೆ ಗಂಡುಮಕ್ಕಳಿಗೆ ಮಾತ್ರ ಅಂತ ಹೇಳೋಕೆ ಬಾಯಿರಲಿಲ್ವಾ?”

“ಹೇಳ್ದೆ ಕಣಮ್ಮ. ಆರ್ಡರು ಕೊಡೋಕೆ ಬಂದಿದ್ದು ನಿನ್ನ ಗಂಡ. ‘ಇದು ನಿಮ್ಮ ಮನೆ ಗಂಡುಮಕ್ಕಳಿಗೆ ಮಾತ್ರ ಅಲ್ವಾ?’ ಅಂದೆ.” ವಿಲ್ಮಾಳ ದನಿ ತಗ್ಗಿತು. “‘ಹೌದು, ಅದಕ್ಕೇ ಇಬ್ಬರಿಗೂ ನೇಯಿಸು’ ಅಂದ.”