ಹವೀಸಳ ವಂಶಾವಳಿ

ನಾರ್ಮಂಡಿಯ ದೊರೆ ರೆನೂಫನೂ ಅವನ ಹೆಂಡತಿ ಹವೀಸಳೂ ರಕ್ತಸಂಬಂಧಿಗಳು, ಅವರ ಮದುವೆ ಧರ್ಮಕ್ಕೆ ವಿರುದ್ಧ ಎಂದು ಯಾರೋ ಬಿಷಪ್ಪರಿಗೆ ಹೆಸರಿಲ್ಲದ ಪತ್ರ ಬರೆದಿದ್ದರು. ಏಳು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬನೇ ಪೂರ್ವಜ ಸಿಕ್ಕರೆ ಮದುವೆ ರದ್ದಾಗುತ್ತಿತ್ತು. ಹವೀಸಳ ವಂಶವನ್ನು ಪತ್ತೆ ಮಾಡಲು ಬಿಷಪ್ಪರು ಒಬ್ಬ ಮುದಿ ಸನ್ಯಾಸಿಯನ್ನು ನೇಮಿಸಿದರು. ಮಠದಿಂದ ಮಠಕ್ಕೆ ಅಲೆದು, ಹಳೆಯ ದಾಖಲೆಗಳನ್ನೂ ಗೋರಿಕಲ್ಲುಗಳನ್ನೂ ಓದಿ, ಮೂರು ತಿಂಗಳ ಮೇಲೆ ಸನ್ಯಾಸಿ ದೊರೆಯ ಕೋಟೆಗೆ ಬಂದರು.

"ನಮ್ಮ ಅಜ್ಜಿ ಮುತ್ತಜ್ಜಿಯರನ್ನೆಲ್ಲ ಕೆದಕಿದಿರಲ್ಲ, ಏನು ಸಿಕ್ಕಿತು?" ಹವೀಸ್ ಸಿಡುಕಿದಳು.

"ಏನೂ ಇಲ್ಲ ತಾಯಿ. ನಿಮ್ಮ ತಾಯಿಯ ಕಡೆಯವರು ಫ್ಲಾಂಡರ್ಸಿನವರು, ತಂದೆಯ ಕಡೆಯವರು ಬ್ರಿಟನಿಯವರು. ದೊರೆಗಳ ಮನೆತನದ ರಕ್ತ ಎಲ್ಲೂ ಬೆರೆತಿಲ್ಲ. ಈ ಮದುವೆಯನ್ನು ಇನ್ನು ಯಾರೂ ಮುರಿಯಲಾರರು."

ರೆನೂಫ್ ಮೇಜು ಗುದ್ದಿ ಎದ್ದ. "ಆ ಪತ್ರ ಬರೆದವನು ಯಾರೆಂದು ಗೊತ್ತಾಗಲಿ, ಜೀವಂತ ಹೂಳಿಸುತ್ತೇನೆ," ಎಂದು ಗುಡುಗಿದ. ಹೆಂಡತಿಯ ರಟ್ಟೆ ಹಿಡಿದೆಳೆದು ಹತ್ತಿರ ನಿಲ್ಲಿಸಿಕೊಂಡು, "ಕೇಳಿದೆಯಾ? ಸಾಯುವ ತನಕ ನೀನು ನನ್ನವಳೇ," ಎಂದ.

ಸನ್ಯಾಸಿ ಹೊರಟಾಗ ಅವರನ್ನು ಬಾಗಿಲವರೆಗೆ ಕಳಿಸಿ ಬರುತ್ತೇನೆಂದು ಹೇಳಿ ಹವೀಸ್ ಹಿಂದೆಯೇ ಇಳಿದುಬಂದಳು. ಕೊನೆಯ ಮೆಟ್ಟಿಲಲ್ಲಿ ಅವರ ದಾರಿಗೆ ಅಡ್ಡ ನಿಂತಳು.

"ಸ್ವಾಮಿ, ನೀವು ಸರಿಯಾಗಿ ಹುಡುಕಿಲ್ಲ. ಇನ್ನೊಮ್ಮೆ ಹುಡುಕಿ. ಸಿಗದಿದ್ದರೆ ಒಬ್ಬ ಮುತ್ತಜ್ಜನನ್ನು ನೀವೇ ಹುಟ್ಟಿಸಿ ಬರೆಯಿರಿ," ಎಂದಳು. "ಆ ಪತ್ರ ಬರೆದವಳು ನಾನು."