ಅತ್ತೆ ವಟಗುಟ್ಟಿದ ಮಧ್ಯಾಹ್ನ

ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ನನಗೆ ಕೊಟ್ಟೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈಯೆಲ್ಲ ಅಂಟಂಟು. ಚಿಕ್ಕಪ್ಪನ ಮಗ ಬಸವ, ಗೊಗ್ಗರು ದನಿಯ ನೆರೆಮನೆ ಗಂಗಿಯ ಚೀಲ ಕಸಿದುಕೊಂಡು, "ಕಪ್ಪಿಯಂಗ ಕೂಗು, ಕೊಡ್ತೀನಿ" ಎಂದು ಕುಣಿಯುತ್ತಿದ್ದ. ಗಂಗಿ ತುಟಿ ಬಿಗಿಹಿಡಿದು ನಿಂತಿದ್ದಳು.

ಆಗ ಒಳಮನೆಯಿಂದ "ವಟರ್, ವಟರ್" ಎಂಬ ಸದ್ದು ಬಂತು.

ಓಡಿಹೋಗಿ ನೋಡಿದೆವು. ಯಾರೊಂದಿಗೂ ಮಾತಾಡದ ನಮ್ಮ ಸೋದರತ್ತೆ, ತಲೆ ನರೆತ ಹೆಂಗಸು, ಗೋಡೆಗೆ ಮುಖ ಮಾಡಿ ಕೈಕಟ್ಟಿ ನಿಂತು ಕಪ್ಪೆಯಂತೆ ವಟಗುಟ್ಟುತ್ತಿದ್ದಳು.

ಹಿಂದೆಯೇ ಬಂದ ಅಜ್ಜಿ ಹೇಳಿದಳು: "ಇಕಿ ದನಿನೂ ಗಂಗೀದಂಗ ಇತ್ತು. ಶಾಲ್ಯಾಗ ಹುಡುಗ್ರು ದಿನಾ ಹಿಂಗ ಕೂಗಸ್ತಿದ್ರು. ಆ ಹುಡುಗ್ರು ಈಗ ಮಕ್ಕಳ ಮದುವಿ ಮಾಡ್ಯಾರ. ಇಕಿ ಇನ್ನೂ ಅಲ್ಲೇ ನಿಂತಾಳ."

ಅಂಟುಗೈಯಲ್ಲೇ ಬಸವನ ಹೆಗಲು ಹಿಡಿದು ಮುಂದೆ ತಳ್ಳಿದಳು. "'ಸಾಕು, ಮನಿಗೆ ಹೋಗು' ಅಂತ ಇಕಿಗೆ ಅನ್ನು, ಲೇ. ಆ ಹುಡುಗ್ರು ಹಂಗಂದ ಮ್ಯಾಲೇ ಬಿಡ್ತಿದ್ರು, ಆ ಮಾತು ಕೇಳಿದ್ರಷ್ಟ ನಿಲ್ಲಸ್ತಾಳ."

ಬಸವ ಹಿಂದಕ್ಕೆ ಸರಿದು ಅಜ್ಜಿಯ ಸೆರಗು ಹಿಡಿದ. ವಟಗುಟ್ಟುವುದು ಇನ್ನೂ ಜೋರಾಯಿತು. ಕೊನೆಗೆ ಅವನು ಅಳುತ್ತ, "ಸಾಕತ್ತಿ, ಮನಿಗೆ ಹೋಗು" ಎಂದ.

ಅತ್ತೆ ತಟ್ಟನೆ ನಿಲ್ಲಿಸಿದಳು. ಮೆಲ್ಲಗೆ ತಿರುಗಿ, ಅವನ ಮುಖ ನೋಡದೆ, ಸಣ್ಣ ಹುಡುಗಿಯಂತೆ ಅಂಜುತ್ತ ಕೇಳಿದಳು:

"ನಾಳಿನೂ ಕೂಗ್ಬೇಕೇನು?"