ಮೈಗೆ ಹತ್ತದ ಊಟ

ದಾನೇಶ್ವರಿಯ ಬಾಯಲ್ಲಿ ಪುಟ್ಟ ಕನ್ನಡಿ ಹಿಡಿದಿದ್ದ ಹಲ್ಲಿನ ಡಾಕ್ಟರ್ ಶಮಾ, ಮೇಲಿನ ಸಾಲಿನ ಹಿಂಬದಿಗೆ ಬಂದಾಗ ಕೈ ತಡೆದರು. ಇದು ಹುಳುಕಲ್ಲ ಎಂದರು.

ನಂದಾಳಿಗೆ ಅಷ್ಟಕ್ಕೇ ಸಮಾಧಾನವಾಯಿತು. ಲಗ್ನ ಗೊತ್ತಾದ ಮಗಳು ತಣ್ಣೀರು ಕುಡಿದರೂ ಹಲ್ಲು ಜುಮ್ಮೆಂದು ಮುಖ ಹಿಂಡುವುದನ್ನು ನೋಡಲಾರದೆ, ನಿಡೋಣಿಯಿಂದ ಬಸ್ಸು ಹತ್ತಿಸಿ ಸೊಲ್ಲಾಪುರ ರಸ್ತೆಯ ಈ ದವಾಖಾನೆಗೆ ಕರೆತಂದಿದ್ದಳು.

ಊಟ ಹೇಗೆ ಎಂದು ಡಾಕ್ಟರು ಹುಡುಗಿಯನ್ನು ಕೇಳಿದರೆ ಉತ್ತರ ಕೊಟ್ಟವಳು ತಾಯಿ. ಗಂಡನ ಮನೆಗೆ ಹೋಗುವ ಕೂಸೆಂದು ರೊಟ್ಟಿ, ಬೆಣ್ಣೆ, ಶೇಂಗಾ ಹೋಳಿಗೆ ಎಲ್ಲ ತಾನೇ ಎದುರಿಗೆ ಕುಳಿತು ತುತ್ತು ಮಾಡಿ ಉಣಿಸುತ್ತಿದ್ದಳಂತೆ. ಆದರೂ ಉಂಡದ್ದು ಮೈಗೆ ಹತ್ತುತ್ತಿಲ್ಲ.

"ಮನ್ಯಾಗ ಎಮ್ಮಿ ಅದಾವೇನ್ರಿ ಅಕ್ಕಾರ?"

ಇವೆ ಎಂದಳು ನಂದಾ, ಹಲ್ಲಿಗೂ ಎಮ್ಮೆಗೂ ಏನು ಸಂಬಂಧವೆಂದು ತಿಳಿಯದೆ.

"ಎಮ್ಮಿ ಮೇಯ್ದಿದ್ದನ್ನ ಹೊಳ್ಳಿ ಬಾಯಿಗೆ ತಂದು ಮೆಲುಕ ಹಾಕತೈತಿ. ಅದರ ಮೊದಲನೇ ಹೊಟ್ಟ್ಯಾಗ ಸುಡೂ ಹುಳಿ ನೀರು ಇರಾಂಗಿಲ್ಲ, ಹಲ್ಲಿಗೆ ಏನೂ ಆಗಾಂಗಿಲ್ಲ. ನಮ್ಮದು ಹಂಗಲ್ಲರಿ. ಹೊಟ್ಟ್ಯಾಗಿಂದು ಮ್ಯಾಲ ಬಂದ್ರ ಹಲ್ಲ ಕರಗಿಸತೈತಿ. ಕರಗಿದ್ದು ಮತ್ತ ಬೆಳ್ಯಾಂಗಿಲ್ಲ." ಡಾಕ್ಟರು ದನಿ ಇಳಿಸಿದರು. "ಇಕಿ ಭಾಳ ದಿನದಿಂದ ಕಾರ್ಕೊಳ್ಳಾಕತ್ತಾಳ್ರಿ."

ನಂದಾಳ ಕಣ್ಣು ಮಗಳ ಹೊಟ್ಟೆಯತ್ತ ಹೋದದ್ದನ್ನು ಕಂಡು ಡಾಕ್ಟರು ಅದಲ್ಲವೆಂದು ತಲೆಯಾಡಿಸಿ, ಹುಡುಗಿಯ ಬಲಗೈ ಬೆರಳುಗಳನ್ನು ತಿರುಗಿಸಿ ತೋರಿಸಿದರು. ಗೆಣ್ಣಿನ ಮೇಲೆ ಒಣಗಿದ ಗಾಯ. ರೊಟ್ಟಿಯ ಹಂಚು ತಾಕಿರಬೇಕೆಂದು ನಂದಾ ಅದಕ್ಕೆ ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಉಂಡದ್ದನ್ನು ತಾನೇ ಕಾರಿಕೊಳ್ಳಲು ಬೆರಳನ್ನು ಗಂಟಲಿಗೆ ಇಳಿಸುವಾಗ ಹಲ್ಲು ತಾಗಿ ಆದದ್ದಂತೆ. ಹಲ್ಲು ಆಮೇಲಿನ ಮಾತು, ಮೊದಲು ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು.

ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತ ಮೇಲೆ ದಾನೇಶ್ವರಿ ತಾನಾಗಿಯೇ ಹೇಳಿದಳು.

"ಕನ್ಯಾ ನೋಡಾಕ ಬಂದಾಗ ನೀ ಚಾ ತರಾಕ ಒಳಗ ಹೋಗಿದ್ದಿ ಯವ್ವಾ. ಲಗ್ನದ ಹೊತ್ತಿಗೆ ಹುಡುಗಿ ಸಣ್ಣಾಗಲಿ ಅಂದ್ರು ಹುಡುಗನ ಅವ್ವ. ನೀ ತುತ್ತು ಹಿಡಕೊಂಡು ಕುಂತ್ರ ಒಲ್ಲೆ ಅನ್ನಾಕ ಬಾಯಿ ಬರತಿದ್ದಿಲ್ಲ. ನಿನ್ನ ಸಲುವಾಗಿ ಉಣತಿದ್ನಿ. ಅವರ ಸಲುವಾಗಿ ಕಾರ್ಕೊಂತಿದ್ನಿ."

ಮಧ್ಯಾಹ್ನ ಇಳಿದಿತ್ತು. ಬೆಳಗಿನಿಂದ ಇಬ್ಬರ ಹೊಟ್ಟೆಯೂ ಖಾಲಿ. ಏನಾದರೂ ತಿನ್ನುತ್ತೀಯಾ ಎಂದು ಮಗಳನ್ನು ಕೇಳಲು, ಹೆತ್ತ ಮೇಲೆ ಮೊದಲ ಸಲ, ನಂದಾಳಿಗೆ ಹೆದರಿಕೆಯಾಯಿತು.